ಮೈಕಿನ ಕೆಳಗಿನ ಮಾತು

ನಾನಿರುವ ಬಾಡಿಗೆ ಕೋಣೆಯ ಛಾವಣಿಯಲ್ಲಿ ಒಂದು ಕಬ್ಬಿಣದ ಕೊಂಡಿ ಇದೆ. ಫ್ಯಾನು ಹಾಕಲು ಬಿಟ್ಟದ್ದು. ಫ್ಯಾನಿಲ್ಲ. ಮಾಲೀಕರನ್ನು ಕೇಳಿದರೆ ಬೇಸಿಗೆ ಬರಲಿ ಎನ್ನುತ್ತಾರೆ. ಯಾದಗಿರಿ ಕಡೆಯಿಂದ ಬಂದವನಿಗೆ ಬೇಸಿಗೆ ಬರಲಿ ಎನ್ನುವವರಿಗೆ ಏನು ಹೇಳುವುದು? ಅದಿರಲಿ. ಬೆಳಿಗ್ಗೆ ಎದ್ದು ಪಾತ್ರದ ಮಾತು ಒಪ್ಪಿಸಲು ನಿಂತರೆ ನನ್ನ ಕಾಲು ತಾನಾಗಿಯೇ ಆ ಕೊಂಡಿಯ ಕೆಳಗೆ ಹೋಗುತ್ತದೆ. ಕುತ್ತಿಗೆ ತಾನಾಗಿಯೇ ಮೇಲೆ ಏಳುತ್ತದೆ. ಕೊಂಡಿಗೆ ಮಾತು ಹೇಳುತ್ತ ನಿಲ್ಲುತ್ತೇನೆ. ಜೊತೆಗಿರುವವನು ಹೊದಿಕೆಯೊಳಗೇ ನಗುತ್ತಾನೆ. ನಗಲಿ. ಅವನಿಗೆ ಮೈಕಿನ ವಿಷಯ ಗೊತ್ತಿಲ್ಲ.

ನಾನು ನಾಟಕದ ಶಾಲೆಯಲ್ಲಿ ಕಲಿಯುತ್ತಿದ್ದೇನೆ. ಬೇರೆ ಶಾಲೆಯಲ್ಲಿ ಕಲಿತದ್ದು ಬಹಳ ಇಲ್ಲ. ಹತ್ತನೇ ಇಯತ್ತೆ ಮೂರನೇ ಸಲಕ್ಕೆ ಪಾಸಾದೆ. ಈಗಲೂ ಉದ್ದನೆಯ ಸಾಲು ಬಂದರೆ ಬೆರಳು ಇಟ್ಟುಕೊಂಡೇ ಓದುತ್ತೇನೆ. ಆದರೂ ಊರ ಕಡೆಯವರು ಫೋನ್ ಮಾಡಿ ಯಾವ ನಾಟಕ ಶಾಲೆ ಚಲೋ, ಯಾವುದಕ್ಕೆ ಸೇರಬೇಕು ಎಂದು ನನ್ನನ್ನೇ ಕೇಳುತ್ತಾರೆ. ನನಗೆ ಗೊತ್ತಿರುವುದು ಎರಡೇ ಶಾಲೆ. ಒಂದಕ್ಕೆ ಹೋಗಲಿಲ್ಲ, ಒಂದಕ್ಕೆ ಬಂದೆ. ಅಷ್ಟು ಹೇಳಿದರೆ ಅವರಿಗೆ ಸಾಲುವುದಿಲ್ಲ. ಪೂರಾ ಹೇಳಲು ಫೋನಿನಲ್ಲಿ ಆಗುವುದಿಲ್ಲ.

ನಮ್ಮೂರು ಕಕ್ಕೇರಾ ದಾಟಿ ಹೋದರೆ ಹೊಳೆಯ ದಂಡೆಯಲ್ಲಿದೆ. ಅಪ್ಪ ಬಲೆ ಬೀಸುತ್ತಾನೆ. ಅವ್ವ ಮೀನಿನ ಬುಟ್ಟಿ ಹೊತ್ತು ಕಕ್ಕೇರಾ ಸಂತೆಗೆ ಹೋಗುತ್ತಾಳೆ. ಚಿಕ್ಕವನಿದ್ದಾಗ ನನಗಿದ್ದ ಕೆಲಸ ಒಂದೇ. ಬುತ್ತಿ ತೆಗೆದುಕೊಂಡು ದಂಡೆಗೆ ಹೋಗಿ, ಹರಗೋಲಿನಲ್ಲಿ ಆ ಕಡೆ ಇರುವ ಅಪ್ಪನನ್ನು ಕೂಗಿ ಕರೆಯುವುದು. ನೀರಿನ ಮೇಲೆ ದನಿ ಹೇಗೆ ಹೋಗುತ್ತದೆ ಎಂದು ಹೊಳೆದಂಡೆಯ ಮಕ್ಕಳಿಗೆ ಯಾರೂ ಕಲಿಸುವುದಿಲ್ಲ. ಹೊಟ್ಟೆಯಿಂದ ಒದರಬೇಕು, ಕೊನೆಯ ಅಕ್ಷರ ಎಳೆಯಬೇಕು. ಒಂದು ದಿನ ಹಾಗೆ ಒದರುತ್ತಿದ್ದಾಗ ಹಿಂದೆ ಒಬ್ಬ ಮುದುಕರು ಕಲ್ಲಿನ ಮೇಲೆ ಕುಳಿತು ಕಾಲು ತೊಳೆಯುತ್ತಿದ್ದರು. ಸುರಪುರದ ಸಾಯಬಣ್ಣ ಮಾಸ್ತರರು. ಊರಿಗೆ ನಾಟಕ ಕಲಿಸಲು ಆ ವರ್ಷ ಕರೆಸಿದ್ದರು.

"ಏ ತಮ್ಮ, ಇನ್ನೊಮ್ಮಿ ಒದರು" ಎಂದರು.

"ಅಪ್ಪ ಕೇಳಿಸ್ಕೊಂಡಾನ್ರಿ. ಬರಾಕತ್ತಾನ."

"ನಿಮ್ಮಪ್ಪಗ ಅಲ್ಲಲೇ, ನನಗ ಒದರು."

ಅಂದಿನಿಂದ ನಾನು ಮಾಸ್ತರರ ಹಿಂದೆ ಬಿದ್ದೆ. ಮೊದಲು ಬಾಗಿಲು ಕಾಯುವ ಪಾತ್ರ, ಆಮೇಲೆ ತಮ್ಮನ ಪಾತ್ರ. ಮೀಸೆ ಬಂದ ಮೇಲೆ ನಾಟಕದ ಮಗನ ಪಾತ್ರ. ನಾಟಕ ಮಾಸ್ತರರೇ ಬರೆದದ್ದು. ಸರಾಗವಾಗಿ ಓದಲು ನನಗೆ ಬರುವುದಿಲ್ಲವೆಂದು ಅವರು ಬಾಯಿಂದ ಹೇಳುತ್ತಿದ್ದರು, ನಾನು ಬಾಯಿಂದ ಕಲಿಯುತ್ತಿದ್ದೆ.

ನಮ್ಮ ಕಡೆಯ ನಾಟಕ ನೀವು ನೋಡಿರದಿದ್ದರೆ ಒಂದು ಮಾತು ಹೇಳಬೇಕು. ರಂಗದ ನಡುವೆ ಮೇಲಿನಿಂದ ವೈರಿಗೆ ಕಟ್ಟಿ ಒಂದು ಮೈಕು ಇಳಿಬಿಟ್ಟಿರುತ್ತಾರೆ. ಇರುವುದು ಒಂದೇ. ಮಾತು ಯಾರದೋ ಅವರು ಅದರ ಕೆಳಗೆ ಬರಬೇಕು. ಮುಖ ಮೇಲೆತ್ತಿ ಮಾತು ಹೇಳಿ ಹಿಂದೆ ಸರಿಯಬೇಕು. ಆಮೇಲೆ ಎದುರಿನವರು ಬಂದು ಅವರ ಮಾತು ಹೇಳಬೇಕು. ಗಂಡ ಹೆಂಡತಿ ಜಗಳವಾಗಲಿ, ಅಣ್ಣ ತಮ್ಮಂದಿರು ಅಪ್ಪಿಕೊಂಡು ಅಳುವುದಾಗಲಿ, ಎಲ್ಲ ಮೈಕಿನ ಕೆಳಗೆ ಪಾಳಿಯ ಪ್ರಕಾರ. ಒಮ್ಮೆ ಕಳ್ಳನ ಪಾತ್ರದವನಿಗೆ ಪರದೆಯ ಹತ್ತಿರ ಚೂರಿ ಬಿತ್ತು. ಅವನು ಎದೆ ಹಿಡಿದುಕೊಂಡು ಹತ್ತು ಹೆಜ್ಜೆ ನಡೆದು ಮೈಕಿನ ಕೆಳಗೆ ಬಂದ. ಮಾಡಿದ ಪಾಪಗಳನ್ನೆಲ್ಲ ಹೇಳಿಕೊಂಡ. ಮತ್ತೆ ಹತ್ತು ಹೆಜ್ಜೆ ವಾಪಸು ನಡೆದು ಚೂರಿ ಬಿದ್ದ ಜಾಗದಲ್ಲೇ ಸತ್ತ. ಜನ ಚಪ್ಪಾಳೆ ಹೊಡೆದರು. ಯಾರೂ ನಗಲಿಲ್ಲ. ಇದರಲ್ಲಿ ನಗುವಂಥದ್ದು ಇದೆ ಎಂದು ನನಗೆ ಹೋದ ವರ್ಷದವರೆಗೂ ಗೊತ್ತಿರಲಿಲ್ಲ.

ನಾಟಕದಲ್ಲಿ ನನ್ನ ತಾಯಿಯಾಗುವವರು ಚಂದ್ರಕ್ಕ. ಯಾದಗಿರಿಯವರು. ನಮ್ಮೂರ ಹೆಣ್ಣುಮಕ್ಕಳು ರಂಗ ಹತ್ತುವುದಿಲ್ಲ. ಅದಕ್ಕೆ ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕರೆಸುತ್ತಾರೆ. ಚಂದ್ರಕ್ಕ ಊರೂರು ತಿರುಗಿ ಪಾತ್ರ ಮಾಡಿ ಬದುಕಿದವರು. ನಾಟಕ ಕಲಿಸುವ ಶಾಲೆಗಳಿವೆ ಎಂದು ಮೊದಲು ಹೇಳಿದವರು ಅವರೇ. ಎರಡು ಶಾಲೆಯ ಕಾಗದ ಹಿಡಿದು ಬಂದು ಅರ್ಜಿ ತುಂಬಿಸಿದರು.

ಅವ್ವನಿಗೆ ಹೇಳಿದೆ. ಅವಳು ಮೀನು ಹೆರೆಯುತ್ತ ಕುಳಿತಿದ್ದಳು.

"ಮಾರಿಗಿ ಬಣ್ಣ ಬಡಕೊಳ್ಳಾಕೂ ಸಾಲಿ ಅದನು?" ಎಂದಳು.

"ಅದ."

"ಪಾಸಾಗಾಕ ಅಲ್ಲೂ ಮೂರು ಸಲ ಕುಂದ್ರಬೇಕೇನು?"

ಅರ್ಜಿ ಮಡಚಿ ಕಿಸೆಗೆ ಹಾಕಿಕೊಂಡೆ.

ಮೊದಲನೆಯ ಶಾಲೆ ಯಾದಗಿರಿಯಲ್ಲೇ ಇತ್ತು. ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಗೋಡೆಯ ತುಂಬ ಹೀರೋಗಳ ಫೋಟೋ. ಅಲ್ಲಿಯ ಸರ್ ಕೋಣೆಯೊಳಗೂ ಕಪ್ಪು ಕನ್ನಡಕ ಹಾಕಿದ್ದರು. ನಾನು ನಿಂತು, "ಅವ್ವಾ! ಹೆತ್ತ ಮಗನಿಗೆ ಈ ಮನೆಯ ಹೊಸ್ತಿಲು ಇಂದು ಬೆಟ್ಟವಾಯಿತೆ?" ಎಂದು ಶುರು ಮಾಡಿದೆ. ಅದು ನಾಟಕದ ಮಗ ಮನೆ ಬಿಟ್ಟು ಹೋಗುವಾಗ ತಾಯಿಗೆ ಹೇಳುವ ಮಾತು. ನಮ್ಮೂರಲ್ಲಿ ಅದಕ್ಕೆ ಸಿಳ್ಳು ಬೀಳುತ್ತವೆ. ಎರಡನೇ ಸಾಲಿಗೆ ಸರ್ ಕೈ ಎತ್ತಿದರು.

"ಸಾಕು, ಸಾಕು. ಸೆಲೆಕ್ಟ್! ಏನ್ ವಾಯ್ಸ್ ಗುರೂ ನಿಂದು! ಆರು ತಿಂಗಳಿಗೆ ಸೀರಿಯಲ್‌ನಾಗ ಇರ್ತಿ."

"ಇನ್ನೂ ಮಾತು ಉಳದಾವ್ರಿ."

"ಅದನ್ನೆಲ್ಲ ಆಮೇಲೆ ನೋಡೋಣ. ಒಂದು ಕೋಟ್ ಹಾಕ್ಕೊಂಡು ಫೋಟೋ ತಗಿಸು."

ಕೋಟು ಅಲ್ಲೇ ಮೊಳೆಗೆ ತೂಗುಹಾಕಿದ್ದರು. ಹಾಕಿಕೊಂಡೆ. ತೋಳು ಗಿಡ್ಡವಿತ್ತು. ಸುಳ್ಳು ಯಾಕೆ ಹೇಳಲಿ, ಕೆಳಗೆ ಇಳಿಯುವಾಗ ನನಗೆ ಖುಷಿಯಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತ ಬಂದೆ. ಶಹಾಪುರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಿತ್ತು, ಮರೆತು ಮುಂದೆ ಹೋದೆ.

ಎರಡನೆಯ ಶಾಲೆ ದೂರ. ರೈಲಿನಲ್ಲಿ ಹೋದೆ. ದೊಡ್ಡ ದೊಡ್ಡ ಗಿಡಗಳಿದ್ದವು, ಗಿಡಗಳ ಕೆಳಗೆ ಹುಡುಗ ಹುಡುಗಿಯರು ಬರಿಗಾಲಿನಲ್ಲಿ ಓಡುತ್ತಿದ್ದರು. ನನ್ನ ಪಾಳಿ ಬಂದಾಗ ಒಂದು ದೊಡ್ಡ ಕೋಣೆಗೆ ಕರೆದರು. ಮೂವರು ಕುಳಿತಿದ್ದರು. ನಡುವಿನವರು ಒಬ್ಬ ಮೇಡಂ, ಬಿಳಿ ಕೂದಲು, ಸಣ್ಣ ದನಿ. ಕೋಣೆ ಖಾಲಿ. ನಾನು ಸೀದಾ ನಡುವಿಗೆ ಹೋದೆ. ಮುಖ ಎತ್ತಿದೆ. ಮಾತು ಪೂರಾ ಹೇಳಿದೆ. ಹೇಳಿ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಮಾತು ಮುಗಿದ ಮೇಲೆ ಮುಂದಿನವರಿಗೆ ಜಾಗ ಬಿಡಬೇಕಲ್ಲ.

ಮೂವರಲ್ಲಿ ಒಬ್ಬರು ಛಾವಣಿ ನೋಡುತ್ತಿದ್ದರು. ಹಲ್ಲಿಯೇನಾದರೂ ಇದೆಯೇ ಎಂದುಕೊಂಡಿರಬೇಕು.

"ಮೇಲೆ ಏನಿದೆ?" ಎಂದು ಕೇಳಿದರು.

"ಮೈಕ್ರಿ."

"ಎಲ್ಲಿ?"

ಆಗ ನೋಡಿದೆ. ಇರಲಿಲ್ಲ. "ಇಲ್ರಿ" ಎಂದೆ.

ಇಬ್ಬರು ನಕ್ಕರು. ಮೇಡಂ ನಗಲಿಲ್ಲ. ಅವರು ಎದ್ದು ಬಂದು ತಮ್ಮ ಕುರ್ಚಿಯನ್ನು ನನ್ನ ಎದುರಿಗೆ ಇಟ್ಟರು. "ಇಲ್ಲಿ ನಿಮ್ಮ ತಾಯಿ ಕೂತಿದ್ದಾರೆ. ಅವರಿಗೆ ಹೇಳಿ" ಎಂದರು.

ಕುರ್ಚಿ ನೋಡಿದೆ. ಅವ್ವ ಮೀನು ಹೆರೆಯುತ್ತ ಕುಳಿತಂತೆ ಕಂಡಳು. ಅವ್ವನಿಗೆ ನಾನು ಊಟಕ್ಕೆ ಹಾಕು, ಅಂಗಿ ಎಲ್ಲಿದೆ ಎನ್ನುವುದು ಬಿಟ್ಟು ಏನು ಹೇಳಿದ್ದೇನೆ? ಬಾಯಿ ತೆಗೆದೆ. ಒಂದು ಅಕ್ಷರ ಬರಲಿಲ್ಲ. ಹೊಳೆಯ ಆಚೆ ಮುಟ್ಟುವ ದನಿ ನನ್ನದು, ಮೂರು ಅಡಿ ದೂರದ ಖಾಲಿ ಕುರ್ಚಿಗೆ ಮುಟ್ಟಲಿಲ್ಲ.

"ನೀವು ಮಾತು ಹೇಳಿದ್ರಿ. ಯಾರಿಗೆ ಹೇಳಿದ್ರಿ ಅಂತ ನನಗೆ ಗೊತ್ತಾಗಲಿಲ್ಲ" ಎಂದರು ಮೇಡಂ. "ಒಂದು ತಿಂಗಳು ಬಿಟ್ಟು ಎರಡನೇ ಸುತ್ತಿಗೆ ಬನ್ನಿ. ಇದೇ ಮಾತು ಸಾಕು. ಒಬ್ಬರಿಗೆ ಹೇಳಿ ತೋರಿಸಿ."

ವಾಪಸು ಬರುವಾಗ ಕಿಟಕಿಯಲ್ಲಿ ಮುಖ ನೋಡಿಕೊಳ್ಳಲಿಲ್ಲ. ಒಂದು ಶಾಲೆ ಕೇಳದೆಯೇ ಬಾ ಎಂದಿತು. ಇನ್ನೊಂದು ಎಲ್ಲ ಕೇಳಿ, ನಿನಗೆ ಬರುವುದಿಲ್ಲ ಎಂದಿತು. ಸಿಟ್ಟು ಬಂದಿತ್ತು. ಯಾದಗಿರಿಯ ಶಾಲೆಗೇ ಹೋಗಿಬಿಡುತ್ತೇನೆ ಎಂದುಕೊಂಡೆ. ಆದರೆ ಆ ಕುರ್ಚಿ ತಲೆಯಿಂದ ಹೋಗಲಿಲ್ಲ. ಚಂದ್ರಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಆಕಿ ಅಂದದ್ದು ಖರೆ ಅದ ನೋಡೋ" ಎಂದರು. "ನಾಕು ವರ್ಷ ಆತು, ನಾ ನಿನ್ನ ತಾಯಿ ಆಗಾಕತ್ತು. ಒಂದು ದಿನಾನೂ ನನ್ನ ಮಾರಿ ನೋಡಿಲ್ಲ ನೀನು."

"ಮೊದಲ ಯಾಕ ಹೇಳಲಿಲ್ಲ?"

"ನಾನರ ನಿನ್ನ ಮಾರಿ ಎಲ್ಲಿ ನೋಡೀನಿ? ನಾನೂ ಮೈಕೇ ನೋಡೀನಿ."

ಹಾಗಾದರೆ ಮಾಸ್ತರರಿಗೆ ಹೇಳಬೇಕಿತ್ತು. ಅದೇ ಕಷ್ಟ. ಎರಡು ವರ್ಷದ ಹಿಂದೆ ಅವರ ಗಂಟಲಿನ ಆಪರೇಷನ್ ಆಗಿತ್ತು. ಆಮೇಲೆ ದನಿ ಹೋಯಿತು. ಉಳಿದದ್ದು ಪಿಸುಮಾತು, ಕಿವಿ ಹತ್ತಿರ ಒಯ್ದರೆ ಕೇಳಿಸುವಷ್ಟು. ಆದರೂ ಹಾರ್ಮೋನಿಯಂ ಪೇಟಿ ಬಾರಿಸುತ್ತ ನಾಟಕ ಕಲಿಸುತ್ತಿದ್ದರು. ಆ ವರ್ಷವೂ ನಮ್ಮೂರಲ್ಲಿ ತಾಲೀಮು ನಡೆದಿತ್ತು. ಅಂಥ ಮನುಷ್ಯನ ಮುಂದೆ ನಿಂತು, ನೀವು ಕಲಿಸಿದ್ದರಿಂದ ನಾನು ಅಲ್ಲಿ ಮೂಕನಾದೆ ಎಂದು ಹೇಗೆ ಹೇಳುವುದು? ಹೇಳದೆ ಹೋಗಬಹುದಿತ್ತು. ಹೇಳದೆ ಇದ್ದರೆ ಕಲಿಯುವುದು ಯಾರ ಹತ್ತಿರ?

ಸುರಪುರಕ್ಕೆ ಹೋದೆ. ಮಾಸ್ತರರು ಮನೆಯ ಮುಂದಿನ ಕಟ್ಟೆಯ ಮೇಲೆ ಪೇಟಿಯ ದೂಳು ಒರೆಸುತ್ತಿದ್ದರು. ನಾನು ಹತ್ತಿರ ಕುಳಿತೆ.

"ಏನಂದ್ರು?" ಎಂದು ಪಿಸುಗುಟ್ಟಿದರು.

"ಒಂದು ಸಾಲಿಯವರು ಬಾ ಅಂದ್ರು. ಇನ್ನೊಂದು ಸಾಲಿಯವರು, ನೀ ಯಾರಿಗಿ ಹೇಳಾಕತ್ತಿ ಅಂತ ಕೇಳಿದ್ರು."

"ಹಂಗಂದ್ರ?"

"ಮ್ಯಾಲ ನೋಡಿ ಹೇಳ್ತೀನಂತ್ರಿ. ಅಲ್ಲಿ ಮೈಕ್ ಇರಲಿಲ್ಲ. ಆದ್ರೂ ಮ್ಯಾಲ ನೋಡಿದೆ."

"ಅಂದ್ರ ನಾ ಕಲಿಸಿದ್ದು ತಪ್ಪಂತಿ."

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಹೌದ್ರಿ" ಎಂದೆ.

ಒಳಗಿನಿಂದ ಅವರ ಹೆಂಡತಿ, ನಾವೆಲ್ಲ ಆಯಿ ಎನ್ನುವವರು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಏ ಮೂಳ, ಹಿರ್ಯಾರ ಮುಂದ ಹಿಂಗ ಮಾತಾಡ್ತಾರೇನು?"

ಮಾಸ್ತರರು ಕೈ ಮಾಡಿ ಅವರನ್ನು ಸುಮ್ಮನಾಗಿಸಿದರು. ಪೇಟಿ ಮುಚ್ಚಿದರು. ಆಮೇಲೆ ನನ್ನ ಭುಜ ಹಿಡಿದು ಹತ್ತಿರ ಎಳೆದುಕೊಂಡರು.

"ಮೈಕ್ ಬರೋಕಿಂತ ಮೊದಲ ನಾವು ಒದರತಿದ್ವಿ. ಕಡೀ ಸಾಲಿನ ಮುದುಕೀಗಿ ಕೇಳಬೇಕಲ್ಲ. ಒದರಿ ಒದರಿ ಉಗಳಿದ್ರ ರಕ್ತ ಬೀಳತಿತ್ತು. ಮೈಕ್ ಬಂದ ಮ್ಯಾಲ ನನ್ನ ಕೈಯಾಗಿನ ಹುಡುಗರನ್ನ ಅದರ ಕೆಳಗ ನಿಂದ್ರಿಸಿದೆ. ಅವರ ಗಂಟಲ ಉಳೀಲಿ ಅಂತ." ಅಷ್ಟು ಹೇಳುವಷ್ಟರಲ್ಲಿ ಅವರಿಗೆ ದಮ್ಮು ಬಂದಿತ್ತು. "ನನ್ನ ಗಂಟಲ ಅಷ್ಟೊತ್ತಿಗೇ ಕೆಟ್ಟಿತ್ತು."

ನಾನು ತಲೆ ಬಗ್ಗಿಸಿದೆ. ಹೌದ್ರಿ ಎಂದ ಮಾತನ್ನು ವಾಪಸು ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ತೆಗೆದುಕೊಂಡರೆ ಅದೂ ಸುಳ್ಳು.

"ಐತವಾರ ತಾಲೀಮಿಗಿ ಬಾ" ಎಂದರು.

ಐತವಾರ ಮಧ್ಯಾಹ್ನ ಊರ ಶಾಲೆಯ ಅಂಗಳದಲ್ಲಿ ತಾಲೀಮು. ಮೈಕಿನವನು ಬಂದು ಮೈಕು ಇಳಿಬಿಟ್ಟಿದ್ದ. ಚಂದ್ರಕ್ಕ ಬಂದಿದ್ದರು. ನಮ್ಮೂರಲ್ಲಿ ತಾಲೀಮಿಗೂ ಜನ ಕೂಡುತ್ತಾರೆ. ಮುದುಕಿಯರು ಗೋಡೆಯ ನೆರಳಿನಲ್ಲಿ ಹತ್ತಿ ಬಿಡಿಸುತ್ತ ಕುಳಿತಿದ್ದರು. ಮಗ ಮನೆ ಬಿಡುವ ಸೀನು ಬಂತು. ನಾನು ಮೈಕಿನ ಕೆಳಗೆ ಹೋಗಲಿಲ್ಲ. ಚಂದ್ರಕ್ಕನ ಕಡೆ ತಿರುಗಿದೆ. ಮುಖ ನೋಡಿದೆ. ಬಲಗಣ್ಣಿನ ಕೆಳಗೆ ಅವರಿಗೆ ಒಂದು ಸಣ್ಣ ಗಾಯದ ಗುರುತಿದೆ. ನಾಲ್ಕು ವರ್ಷದಲ್ಲಿ ಅದನ್ನು ಆವತ್ತೇ ನೋಡಿದ್ದು. "ಅವ್ವಾ" ಎಂದೆ. ನನ್ನ ದನಿ ನನಗೇ ಬೇರೆ ಕೇಳಿಸಿತು. ಮಾತು ಮುಗಿದರೂ ಚಂದ್ರಕ್ಕ ಮುಖ ತಿರುಗಿಸುವುದನ್ನು ಮರೆತು ನಿಂತರು. ಸಾವಿರ ಸಲ ಮಾಡಿದ್ದನ್ನು ಮರೆತರು.

ಹಿಂದಿನಿಂದ ಕೂಗು ಶುರುವಾಯಿತು.

"ಏ ಕೇಳವಲ್ದೋ! ಮೈಕಿನ ಕೆಳಗ ಹೋಗು!"

"ತಾಯಿ ಮಗ ಏನ ಗುಟ್ಟು ಮಾತಾಡಾಕತ್ತಾರವ್ವ? ನಮಗೂ ಹೇಳ್ರಿ."

"ಪ್ಯಾಟಿ ಸಾಲಿಗಿ ಹೋಗಿ ಬಂದು ಇದ್ದ ದನೀನೂ ಕಳಕೊಂಡು ಬಂದಾನ."

ಇದನ್ನು ಮೇಡಂ ಹೇಳಿರಲಿಲ್ಲ. ಒಬ್ಬರಿಗೆ ಹೇಳಿದರೆ ಉಳಿದ ನೂರು ಜನಕ್ಕೆ ಕೇಳಿಸುವುದಿಲ್ಲ. ನೂರು ಜನಕ್ಕೆ ಹೇಳಿದರೆ ಎದುರಿಗಿರುವವರು ಕಾಣುವುದಿಲ್ಲ. ನಾನು ಮಾಸ್ತರರ ಕಡೆ ನೋಡಿದೆ. ಅವರು ಪೇಟಿ ಬಿಟ್ಟು ಎದ್ದರು. ಜನರ ನಡುವೆ ದಾರಿ ಮಾಡಿಕೊಂಡು, ಮುದುಕಿಯರನ್ನು ದಾಟಿ, ಅಂಗಳದ ಕಡೆಯ ಗೋಡೆಗೆ ಹೋಗಿ ಬೆನ್ನು ಹಚ್ಚಿ ನಿಂತರು. ಬಲಗೈ ಕಿವಿಯ ಹಿಂದೆ ಇಟ್ಟುಕೊಂಡರು.

"ಮಾಸ್ತರ, ಆವಾಜ ಹೆಚ್ಚು ಮಾಡ್ಲೇನ್ರಿ?" ಎಂದ ಮೈಕಿನವನು. ಮಾಸ್ತರರು ಎಡಗೈಯಿಂದ ಬಂದ್ ಮಾಡು ಎಂದು ತೋರಿಸಿದರು.

ನಾನು ಮತ್ತೆ ಹೇಳಿದೆ. ಕೈ ಕಿವಿಯ ಹಿಂದೆಯೇ ಇತ್ತು. ಜೋರಾಗಿ ಹೇಳಿದೆ. ಆಗ ಚಂದ್ರಕ್ಕ, "ಈಗ ನೀ ನನ್ನ ಬಿಟ್ಟಿ. ಮತ್ತ ಹೊಳಿದಂಡಿಗಿ ಹೋದಿ" ಎಂದರು. ಮತ್ತೆ ಹೇಳಿದೆ. ಕುತ್ತಿಗೆ ಅಭ್ಯಾಸ ಬಿಡಲಿಲ್ಲ, ಮೇಲೆ ಎದ್ದಿತು. ಅವರು ಗಲ್ಲ ಹಿಡಿದು ಕೆಳಗಿಳಿಸಿದರು, ಜನ ನಕ್ಕರು. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ನೋಡುವವರಿಗೆ ಬೇಸರ ಬಂದು ಅರ್ಧ ಜನ ಎದ್ದು ಹೋದರು. ಮಾಸ್ತರರು ಬಿಸಿಲಲ್ಲಿ ನಿಂತೇ ಇದ್ದರು. ಕೈ ಇಳಿಸಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ. ನನಗೆ ಸಿಟ್ಟು ಹೋಗಿ ಅಳು ಬಂತು. ಮನೆ ಬಿಟ್ಟು ಹೋಗುವವನಿಗೆ ಹೇಗಿರುತ್ತದೆ ಎಂದು ಆಗ ಸ್ವಲ್ಪ ಗೊತ್ತಾಯಿತು. ಒದರಲಿಲ್ಲ. ಚಂದ್ರಕ್ಕನ ಮುಖ ಬಿಡಲಿಲ್ಲ. ಆ ಗೋಡೆಯನ್ನೂ ಬಿಡಲಿಲ್ಲ. ಮಾತು ಹೊಟ್ಟೆಯಿಂದ ಎದ್ದು ಅವರ ಮುಖ ಮುಟ್ಟಿ ಆ ಗೋಡೆಯವರೆಗೂ ಹೋಯಿತು.

ಮಾಸ್ತರರು ಕೈ ಇಳಿಸಿದರು. ಶಹಬ್ಬಾಸ್ ಅನ್ನಲಿಲ್ಲ. ನೀರು ಕೇಳಿದರು.

ಮರುದಿನ ಯಾದಗಿರಿಯ ಸರ್ ಫೋನ್ ಮಾಡಿದರು. "ಹೀರೋ, ಯಾವಾಗ ಬರ್ತಿ?"

"ಬರಂಗಿಲ್ರಿ."

"ಯಾಕೋ? ಎಂಥಾ ಚಾನ್ಸ್ ಬಿಡಾಕತ್ತಿ ಗೊತ್ತೇನು?"

"ನೀವು ನನ್ನ ಮಾತು ಪೂರಾ ಕೇಳಲಿಲ್ರಿ."

ಈ ಮಾತನ್ನೂ ಅವರು ಪೂರಾ ಕೇಳಲಿಲ್ಲ, ಇಟ್ಟುಬಿಟ್ಟರು.

ಎರಡನೇ ಸುತ್ತಿಗೆ ಹೋದೆ. ಅದೇ ಕೋಣೆ, ಅದೇ ಕುರ್ಚಿ. ಕುರ್ಚಿಯ ಮೇಲೆ ಯಾರನ್ನು ಕೂಡಿಸಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವ್ವನನ್ನೇ ಕೂಡಿಸಿದೆ. ಮಾತು ಹೇಳಿದೆ. ಮುಗಿದ ಮೇಲೆ ಹಿಂದೆ ಸರಿಯಲಿಲ್ಲ. ಮೇಡಂ ಒಂದೇ ಪ್ರಶ್ನೆ ಕೇಳಿದರು.

"ಕುರ್ಚಿಯಲ್ಲಿ ತಾಯಿ ಇದ್ದರು, ಗೊತ್ತಾಯ್ತು. ಹಿಂದಿನ ಗೋಡೆಗೆ ಯಾರನ್ನು ನಿಲ್ಲಿಸಿದ್ರಿ?"

"ನಮ್ಮ ಮಾಸ್ತರನ್ನ್ರಿ."

ಅವರು ಏನೋ ಬರೆದುಕೊಂಡರು. ಸಂಜೆ ಹಲಗೆಗೆ ಹಚ್ಚಿದ ಕಾಗದದಲ್ಲಿ ನನ್ನ ಹೆಸರಿತ್ತು. ಬೆರಳಿಟ್ಟು ಎರಡು ಸಲ ಓದಿದೆ.

ಆದರೆ ಶಾಲೆ ಶುರುವಾಗುವ ದಿನ ನಮ್ಮೂರ ನಾಟಕಕ್ಕಿಂತ ಮೊದಲಿತ್ತು. ನನ್ನ ಪಾತ್ರವನ್ನು ಟ್ರ್ಯಾಕ್ಟರ್ ಹೊಡೆಯುವ ಹಣಮಂತನಿಗೆ ಕೊಟ್ಟರು. ಅಷ್ಟು ಕಡಿಮೆ ದಿನದಲ್ಲಿ ಬೇರೆ ರೀತಿ ಕಲಿಸಲು ಆಗುವುದಿಲ್ಲ, ಮಾಸ್ತರರು ಅವನನ್ನು ಮೈಕಿನ ಕೆಳಗೇ ನಿಲ್ಲಿಸಿದರು. ಊರವರು ನನಗೆ ಏನೆಂದರು ಎಂದು ಇಲ್ಲಿ ಬರೆಯುವುದಿಲ್ಲ. ಮಾಸ್ತರರು ಮಾತ್ರ ಏನೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಚೀಲ ಹಿಡಿದು ಅವರ ಮನೆಗೆ ಹೋದೆ. ಕಾಲಿಗೆ ಬಿದ್ದೆ. ಅವರು ಕಟ್ಟೆಯ ಮೇಲೆ ತಮ್ಮ ಎದುರಿಗೆ ಜಾಗ ತೋರಿಸಿದರು. ಒಮ್ಮೆ ಹೇಳು ಎಂದು ಕೈ ಮಾಡಿದರು. ಪೇಟಿ ಒಳಗಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಅವರು ಶಲ್ಯವನ್ನು ತಲೆಯ ಮೇಲೆ ಎಳೆದುಕೊಂಡು ತಾಯಿಯಾಗಿ ಕುಳಿತರು.

ನಾನು ಮಾತು ಹೇಳಿದೆ. ದನಿ ಎತ್ತುವ ಅಗತ್ಯವಿರಲಿಲ್ಲ. ಹೊಸ್ತಿಲಿನ ಮಾತು, ಬೆಟ್ಟದ ಮಾತು, ಇನ್ನು ಬರುವುದಿಲ್ಲ ಎನ್ನುವ ಮಾತು, ಎಲ್ಲ ಅವರ ಮುಖ ನೋಡಿ ಹೇಳಿದೆ. ನಾಟಕದಲ್ಲಿ ಇದಕ್ಕೆ ತಾಯಿ ಉತ್ತರ ಕೊಡುವುದಿಲ್ಲ. ಮುಖ ತಿರುಗಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ, ಪರದೆ ಬೀಳುತ್ತದೆ. ಬರೆದವರು ಮಾಸ್ತರರೇ. ಅವರು ಮುಖ ತಿರುಗಿಸುತ್ತಾರೆಂದು ಕಾದೆ. ತಿರುಗಿಸಲಿಲ್ಲ. ತುಟಿ ಅಲ್ಲಾಡಿದವು. ನಾನು ಬಾಗಿ ಕಿವಿ ಹತ್ತಿರ ಒಯ್ದೆ.

"ಉಂಡು ಹೋಗು" ಎಂದರು.

ಒಳಗೆ ಹೋಗಿ ಕುಳಿತೆ. ಆಯಿ ರೊಟ್ಟಿ ಹಾಕಿದರು. ಉಂಡೆ.